ಓಟು ಗೆದ್ದ ಪಕ್ಷ ಕ್ರಿಮಿನಲ್ ಗುಂಪಾಗಿದ್ದು ಹೇಗೆ?

ಪ್ರಶ್ನೆ: ಗ್ರೀಸ್ ದೇಶದಲ್ಲಿ ‘ಗೋಲ್ಡನ್ ಡಾನ್’ ಎಂಬ ಉಗ್ರ ರಾಷ್ಟ್ರೀಯವಾದಿ ಪಕ್ಷವನ್ನು ಕೋರ್ಟು ಕ್ರಿಮಿನಲ್ ಸಂಘಟನೆ ಎಂದಿತು ಅಂತ ಓದಿದೆ. ಜನರೇ ಗೆಲ್ಲಿಸಿ ಸಂಸತ್ತಿಗೆ ಕಳಿಸಿದ ಪಕ್ಷ ಅಲ್ವಾ? ನಮಗೆ ಹಿಡಿಸದ ವಿಚಾರಕ್ಕೆಲ್ಲ ಜೈಲು ಕೊಡುವುದು ಸರಿಯೇ?
– ಒಬ್ಬ ಓದುಗರು, ಧಾರವಾಡ

ಉತ್ತರ: ವಿಚಾರಕ್ಕೆ ಜೈಲು ಕೊಡಬಾರದು ಎಂಬ ನಿಮ್ಮ ಮಾತು ನನಗೂ ಒಪ್ಪಿಗೆ. ಅಥೆನ್ಸಿನ ಕೋರ್ಟೂ ವಿಚಾರಕ್ಕೆ ಶಿಕ್ಷೆ ಕೊಡಲಿಲ್ಲ. ಗ್ರೀಸ್ ಸಂವಿಧಾನದಲ್ಲಿ ಪಕ್ಷವನ್ನು ನಿಷೇಧಿಸಲು ದಾರಿಯೇ ಇಲ್ಲ. ಹಾಗಾಗಿ ಸರ್ಕಾರಿ ವಕೀಲರು ಸಂಘಟಿತ ಅಪರಾಧದ ಗುಂಪುಗಳ ಮೇಲೆ ಹಾಕುವ ಕಲಮನ್ನೇ ಹಾಕಿದರು. ಪಕ್ಷದವರು ಮಾಡಿದ ಹಲ್ಲೆ, ಕೊಲೆಗಳ ಹಿಂದೆ ಮೇಲಿನವರ ಅಪ್ಪಣೆ ಇತ್ತೇ ಎಂಬುದೇ ಮೊಕದ್ದಮೆಯ ತಿರುಳು.

2009ರಲ್ಲಿ ಈ ಪಕ್ಷಕ್ಕೆ ಶೇ 0.3ರಷ್ಟು ಓಟೂ ಬಿದ್ದಿರಲಿಲ್ಲ. ಆಮೇಲೆ ದೇಶದ ಸಾಲದ ಬಿಕ್ಕಟ್ಟಿನಲ್ಲಿ ಜನ ಕೆಲಸ, ಪಿಂಚಣಿ ಕಳೆದುಕೊಂಡರು. 2012ರ ಮೇ ಚುನಾವಣೆಯಲ್ಲಿ ಪಕ್ಷ ಶೇ 7ರ ಹತ್ತಿರ ಓಟು, 21 ಸೀಟು ಗೆದ್ದಿತು. ಹಗಲು ‘ಗ್ರೀಕರಿಗೆ ಮಾತ್ರ’ ಅಂತ ದಿನಸಿ ಹಂಚುತ್ತಿದ್ದರು. ರಾತ್ರಿ ಕಪ್ಪು ಅಂಗಿಯ ಗುಂಪುಗಳು ವಲಸಿಗರನ್ನು ಹುಡುಕಿ ಹೊಡೆಯುತ್ತಿದ್ದವು. 2012ರ ಜೂನ್‌ನಲ್ಲಿ ಪೆರಾಮಾದಲ್ಲಿ ಈಜಿಪ್ಟಿನ ಮೀನುಗಾರರ ಮನೆಗೆ ನುಗ್ಗಿದರು. 2013ರ ಜನವರಿಯಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ ಪಾಕಿಸ್ತಾನಿ ಯುವಕನೊಬ್ಬನನ್ನು ಇರಿದು ಕೊಂದರು. ಇವೆಲ್ಲ ಬೇರೆ ಬೇರೆ ಫೈಲುಗಳಾಗಿಯೇ ಉಳಿದವು. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದೇ.

2013ರ ಸೆಪ್ಟೆಂಬರ್ 18ರ ನಡುರಾತ್ರಿ ಕೆರಟ್ಸಿನಿಯಲ್ಲಿ ಗ್ರೀಕ್ ರ‍್ಯಾಪ್ ಗಾಯಕ ಪಾವ್ಲೋಸ್ ಫಿಸ್ಸಾಸ್ ಈ ಪಕ್ಷದವನೊಬ್ಬನ ಕೈಯಲ್ಲಿ ಕೊಲೆಯಾದರು. ಮರುದಿನವೇ ಮಂತ್ರಿಯೊಬ್ಬರು ಪಕ್ಷದವರ ಮೇಲಿದ್ದ 32 ಪ್ರಕರಣಗಳನ್ನು ಒಟ್ಟುಮಾಡಿ ಸುಪ್ರೀಂ ಕೋರ್ಟಿನ ಪ್ರಾಸಿಕ್ಯೂಟರ್‌ಗೆ ಕಳಿಸಿದರು. ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲ ಕಡೆಯೂ ಒಂದೇ ರೀತಿ ಕಂಡಿತು. ಆ ರಾತ್ರಿ ಸ್ಥಳೀಯ ಶಾಖೆಯಿಂದ ಮೆಸೇಜ್ ಹೋಗಿತ್ತು. ಸ್ವಲ್ಪ ಹೊತ್ತಿನಲ್ಲೇ ಹುಡುಗರು ಸೇರಿದ್ದರು. ಫೋನ್ ಕರೆಗಳು ಮೇಲಿನವರೆಗೂ ಹೋಗಿದ್ದವು. ಕೊಂದವನು ನಮ್ಮವನಲ್ಲ ಎಂದು ನಾಯಕರು ಹೇಳಿದರೆ, ಪಕ್ಷದ ಕಾರ್ಯಕ್ರಮಗಳ ಫೋಟೊಗಳಲ್ಲಿ ಅವನಿದ್ದ.

ವಿಚಾರಣೆ ಐದು ವರ್ಷಕ್ಕೂ ಜಾಸ್ತಿ ನಡೆಯಿತು. 2020ರ ಅಕ್ಟೋಬರ್ 7ರಂದು ತೀರ್ಪು ಬಂತು. ಪಕ್ಷದ ಮುಖ್ಯಸ್ಥ ನಿಕೋಸ್ ಮಿಹಾಲೊಲಿಯಾಕೋಸ್‌ಗೆ 13 ವರ್ಷ ಜೈಲು, ಕೊಂದವನಿಗೆ ಜೀವಾವಧಿ.

ಜರ್ಮನಿಯ ದಾರಿ ಬೇರೆ. ಅಲ್ಲಿ ಸಂವಿಧಾನ ನ್ಯಾಯಾಲಯವೇ ಪಕ್ಷವನ್ನು ನಿಷೇಧಿಸಬಹುದು. ಆದರೂ 2017ರಲ್ಲಿ ಎನ್‌ಪಿಡಿ ಎಂಬ ಉಗ್ರ ಬಲಪಂಥೀಯ ಪಕ್ಷವನ್ನು ಅದು ನಿಷೇಧಿಸಲಿಲ್ಲ. ಗುರಿ ಸಂವಿಧಾನಕ್ಕೆ ವಿರುದ್ಧ ನಿಜ, ಅದನ್ನು ಸಾಧಿಸುವ ಶಕ್ತಿ ಮಾತ್ರ ಇದಕ್ಕಿಲ್ಲ ಎಂದಿತು. ವಿಚಾರಕ್ಕೇ ಶಿಕ್ಷೆಯಾಗುತ್ತದೆ ಎಂಬ ನಿಮ್ಮ ಆತಂಕ ಇಂಥ ಕಾನೂನಿಗೆ ಹೆಚ್ಚು ಹೊಂದುತ್ತದೆ. ಅದಕ್ಕೇ ಗ್ರೀಸ್ ಹಿಡಿದ ದಾರಿ ನನಗೆ ಹೆಚ್ಚು ಸರಿ ಅನಿಸುತ್ತದೆ.

ಕೋರ್ಟಿನಿಂದ ಎಲ್ಲವೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮುಖ್ಯಸ್ಥ ಜೈಲಿನಲ್ಲಿದ್ದಾಗಲೇ, 2014ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಪಕ್ಷದ ಓಟು ಶೇ 9 ದಾಟಿತು. 2019ರಲ್ಲಿ, ತೀರ್ಪಿಗೂ ಮೊದಲೇ, ಮತದಾರರೇ ಅದನ್ನು ಸಂಸತ್ತಿನಿಂದ ಹೊರಗಿಟ್ಟರು. 2023ರಲ್ಲಿ ಪಕ್ಷದ ಹಳೆಯ ವಕ್ತಾರ ಜೈಲಿನಿಂದಲೇ ‘ಸ್ಪಾರ್ಟನ್ಸ್’ ಎಂಬ ಮತ್ತೊಂದು ಪಕ್ಷಕ್ಕೆ ಬೆಂಬಲ ಕೊಟ್ಟ. ಅದು 12 ಸೀಟು ಗೆದ್ದಿತು.