ಕುತ್ತಿಗೆ, ಭುಜದ ಹಳೆಯ ನೋವಿಗೆ ನಾನು ಕಂಡುಕೊಂಡದ್ದು

ಎರಡು ವರ್ಷದಿಂದ ನಿಮ್ಮ ಕುತ್ತಿಗೆ, ಭುಜದ ಸ್ನಾಯು ಬಿಗಿದುಕೊಂಡಿದೆ ಎಂದಿದ್ದೀರಿ. ಟೆನ್ಸ್ (ಸಣ್ಣ ವಿದ್ಯುತ್ತಿನ ಚಿಕಿತ್ಸೆ), ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಶಬ್ದದ ಅಲೆ ಹಾಯಿಸುವ ಚಿಕಿತ್ಸೆ), ಕೈಯಿಂದ ಒತ್ತುವ ಚಿಕಿತ್ಸೆ, ವ್ಯಾಯಾಮ, ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುವವಳು. ನಾಲ್ಕನ್ನೂ ಮಾಡಿಸಿಕೊಂಡಿದ್ದೇನೆ.

ಟೆನ್ಸ್‌ನಲ್ಲಿ ಭುಜಕ್ಕೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸುತ್ತಾರೆ. ಇರುವೆ ಹರಿದಂತೆ ಜುಮುಗುಡುತ್ತದೆ. ಆ ಸ್ಪರ್ಶ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದಂತೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಮಂಡಿಸಿದ ಸಿದ್ಧಾಂತ ಇದರ ಹಿಂದಿದೆ. ಪ್ಯಾಡ್ ಇದ್ದಷ್ಟು ಹೊತ್ತು ಹಾಯೆನಿಸುತ್ತಿತ್ತು, ರಾತ್ರಿಗೆ ನೋವು ಮರಳುತ್ತಿತ್ತು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಹಾಕಿಸಿಕೊಳ್ಳಬಾರದು.

ಅಲ್ಟ್ರಾಸೌಂಡ್‌ನಿಂದ ನನಗೆ ಸಿಕ್ಕಿದ್ದು ಸ್ವಲ್ಪ ಬೆಚ್ಚಗಿನ ಅನುಭವ, ಅಷ್ಟೇ. ಇಂಥ ನೋವಿಗೆ ಅದರ ಪರವಾಗಿರುವ ಪುರಾವೆಯೂ ದುರ್ಬಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಇದನ್ನು ಬಿಡಿ. ಬಿಸಿನೀರಿನ ಚೀಲ ಸಾಕು.

ಕೈಯಿಂದ ಒತ್ತುವುದರ ಮಾತೇ ಬೇರೆ. ಫಿಸಿಯೊಥೆರಪಿಸ್ಟ್ ಕುತ್ತಿಗೆಗೂ ಭುಜದ ತುದಿಗೂ ನಡುವಿನ ಮಾಂಸವನ್ನು ಹೆಬ್ಬೆರಳಿನಿಂದ ತಡವಿ, ಹುಣಸೆ ಬೀಜದಷ್ಟು ಗಟ್ಟಿಯಾದ ಗಂಟೊಂದನ್ನು ಹಿಡಿದರು. ಒತ್ತಿದ್ದು ಭುಜವನ್ನು, ನೋವು ಕಿವಿಯ ಹಿಂದಿನಿಂದ ಹಾದು ಕಣತಲೆಗೆ ಏರಿತು! ವರ್ಷಗಟ್ಟಲೆ ತಲೆನೋವೆಂದು ಮಾತ್ರೆ ನುಂಗಿದ್ದು ಈ ಗಂಟಿಗೇ. ಸುಮಾರು ಒಂದು ನಿಮಿಷ ಹಾಗೆಯೇ ಒತ್ತಿ ಹಿಡಿದಾಗ ಬಿಗಿ ಕರಗಿತು, ಅಂದು ಕತ್ತು ಹೊರಳಿಸಿ ಹಿಂದೆ ನೋಡಿದೆ. ಆದರೆ ವಾರ ಕಳೆಯುವಷ್ಟರಲ್ಲಿ ಗಂಟು ಮತ್ತೆ ಅಲ್ಲೇ.

ಅದು ಮರಳದಂತೆ ಮಾಡಿದ್ದು ವ್ಯಾಯಾಮ. ಗಲ್ಲವನ್ನು ಹಿಂದಕ್ಕೆಳೆದು ಹಿಡಿಯುವುದು, ಬೆನ್ನಿನ ಹಲಗೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು, ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಭುಜ ಎತ್ತಿ ಇಳಿಸುವುದು. ವಾರಕ್ಕೆ ಮೂರು ದಿನ. ಮೊದಲ ಹದಿನೈದು ದಿನ ನೋವು ಹೆಚ್ಚಾದಂತೆಯೇ ಇತ್ತು, ಬಿಡಬೇಕೆನಿಸಿತ್ತು. ಎರಡು ತಿಂಗಳಿಗೆ ವ್ಯತ್ಯಾಸ ಕಂಡಿತು. ಬಟ್ಟೆ ಕತ್ತರಿಸುವ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿದ್ದೂ ಅಷ್ಟೇ ನೆರವಾಯಿತು.

ಹಾಗಾಗಿ ವ್ಯಾಯಾಮವನ್ನೇ ಮುಖ್ಯವಾಗಿ ಹಿಡಿಯಿರಿ. ಅದನ್ನು ಮಾಡಲಾಗದಷ್ಟು ನೋವಿರುವ ದಿನ ಟೆನ್ಸ್ ಅಥವಾ ಒತ್ತುವ ಚಿಕಿತ್ಸೆ ಪಡೆದು, ಆ ಹಗುರದಲ್ಲಿಯೇ ವ್ಯಾಯಾಮ ಮುಗಿಸಿಬಿಡಿ. ಬೆರಳು ಜೋಮು ಹಿಡಿಯುವುದು, ಕೈಯಿಂದ ವಸ್ತು ಜಾರುವುದು, ನೋವಿನ ಜೊತೆಗೆ ಜ್ವರ, ಇಂಥದ್ದೇನಾದರೂ ಒಂದಿದ್ದರೂ ಇದಾವುದಕ್ಕೂ ಕೈಹಾಕದೆ ಮೊದಲು ವೈದ್ಯರ ಬಳಿ ಹೋಗಿ.