ಜೀರುಂಡೆಗೂ ಶ್ರುತಿ ಇದೆಯಾ?

ಮಣಿಪಾಲದ ನಿಮ್ಮ ಅಂಗಳದ ಜೀರುಂಡೆ ಮಗಳ ಪಿಟೀಲಿನ ಶ್ರುತಿಗೆ ಕೂಡುತ್ತದೆ ಅಂತ ಅವಳು ಹೇಳುತ್ತಾಳೆ, ನಿಜವಾ ಎಂದು ಕೇಳಿದ್ದೀರಿ. ಅವಳ ಕಿವಿಯನ್ನು ನಂಬಿ ಸರ್.

ನಾವು ಎರಡು ಬೇರೆ ಹುಳಗಳನ್ನೂ ಜೀರುಂಡೆ ಅಂತಲೇ ಕರೆಯುತ್ತೇವೆ. ಹಗಲು ಮರದಲ್ಲಿ ಕಿವಿ ತೂತಾಗುವ ಹಾಗೆ ಕೂಗುವುದು ಸಿಕಾಡ, ಅದರ ಸದ್ದು ಹೊಟ್ಟೆಯ ಪಕ್ಕದ ಪೊರೆಗಳಿಂದ ಬರುತ್ತದೆ. ನೀವು ಹೇಳಿದ್ದು ರಾತ್ರಿ ಹೊತ್ತಿನ ಕ್ರಿಕೆಟ್. ಕಾಲು ಉಜ್ಜಿ ಸದ್ದು ಮಾಡುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಒಂದು ರೆಕ್ಕೆಯ ಅಡಿಯಲ್ಲಿ ಸಾಲು ಹಲ್ಲುಗಳಿವೆ, ಇನ್ನೊಂದರ ಅಂಚು ಅದನ್ನು ಗೀರುತ್ತದೆ. ಬಾಚಣಿಗೆಯ ಮೇಲೆ ಉಗುರು ಎಳೆದು ನೋಡಿ, ಅದೇ ಕೆಲಸ. ರೆಕ್ಕೆ ತನ್ನದೇ ಕಂಪನದಲ್ಲಿ ಮಿಡಿಯುವುದರಿಂದ ಬರುವುದು ಬರೀ ಗದ್ದಲವಲ್ಲ, ಸ್ಪಷ್ಟ ಸ್ವರ.

ನನಗೆ ತುಂಬ ಇಷ್ಟವಾದದ್ದು ದಕ್ಷಿಣ ಭಾರತದ ಈಕಾಂತಸ್ ಹೆನ್ರಿ ಎಂಬ ಪುಟ್ಟ ಕ್ರಿಕೆಟ್. ಮೆಲ್ಲಗೆ ಕೂಗುವ ಗಂಡುಗಳು ಎಲೆಯಲ್ಲಿ ತೂತು ಕೊರೆದು, ಅದರಲ್ಲಿ ರೆಕ್ಕೆ ಇಟ್ಟು ಹಾಡುತ್ತವೆ. ಎಲೆಯೇ ಸ್ಪೀಕರ್ ಪೆಟ್ಟಿಗೆಯ ಕೆಲಸ ಮಾಡುತ್ತದೆ, ಸದ್ದು ದೂರ ಹೋಗುತ್ತದೆ. ಎಂಥಾ ಬುದ್ಧಿ ಅಲ್ವಾ!

ಆದರೆ ಈ ಜಾತಿಯದು ತಂಬೂರಿಯ ಹಾಗೆ ಒಂದೇ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಚಳಿಯಾದರೆ ಸ್ವರವೂ ಇಳಿಯುತ್ತದೆ, ಕೂಗೂ ನಿಧಾನವಾಗುತ್ತದೆ. ನಿಮ್ಮ ಅಂಗಳದ್ದೂ ಹಾಗೆ ಇಳಿಯುತ್ತದಾ ಅಂತ ಮಳೆ ಬಿದ್ದು ತಂಪಾದ ರಾತ್ರಿ ಮಗಳಿಗೆ ಮತ್ತೆ ಕೇಳಲು ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಸ್ವರವೂ ಇಳಿಯುವ ಹಾಗೆ ಕಾಲು ವೇಗಕ್ಕೆ ತಂದರೆ ಎರಡು ಸ್ಥಾಯಿ ಕೆಳಗೆ ಬರುತ್ತದೆ. ಆಗ ಪಿಟೀಲಿನಲ್ಲಿ ಆರಾಮಾಗಿ ಹಿಡಿಯಬಹುದು.