ಇಂಧನ ಸಮಸ್ಯೆಗೆ ನ್ಯಾನೊ ತಂತ್ರಜ್ಞಾನ: ಪಿಎಚ್.ಡಿ.ಗೆ ಯಾವ ವಿಷಯ ಆರಿಸಲಿ?

ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ನ್ಯಾನೊ ತಂತ್ರಜ್ಞಾನದಿಂದ ಇಂಧನ ಸಮಸ್ಯೆ ಬಗೆಹರಿಸುವ ಆಸೆಯಿದೆ. ಸೌರಕೋಶ, ಬ್ಯಾಟರಿ, ಹೈಡ್ರೋಜನ್ ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ನನ್ನ ಪಿಎಚ್.ಡಿ. ಅರ್ಜಿಯ ಮೊದಲ ಸಾಲೂ ಹೆಚ್ಚುಕಡಿಮೆ ಇದೇ ಆಗಿತ್ತು.

ನಮ್ಮದು ಚಿತ್ರದುರ್ಗದ ಕಡೆಯ ಹಳ್ಳಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ. ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ, ಮೋಟಾರು ಹಾಕಿ, ನೀರು ಹಾಯಿಸಿ, ಬೆಳಗಿನ ಜಾವ ಮನೆಗೆ ಬರುತ್ತಿದ್ದರು. ಹಗಲಿಡೀ ಸುಡುವ ಬಿಸಿಲನ್ನು ಹಿಡಿದಿಡುವ ದಾರಿ ಹುಡುಕಬೇಕು ಎಂಬುದು ಅಲ್ಲಿಂದಲೇ ತಲೆಯಲ್ಲಿ ಕೂತಿತ್ತು. ಹಾಗಾಗಿ ಬ್ಯಾಟರಿ ಆರಿಸಿಕೊಂಡೆ, ಬ್ಯಾಟರಿಯಲ್ಲಿ ಸಿಲಿಕಾನ್.

ಲಿಥಿಯಂ ಅಯಾನ್ ಬ್ಯಾಟರಿಯ ಋಣ ವಿದ್ಯುದ್ವಾರದಲ್ಲಿ ಸಾಮಾನ್ಯವಾಗಿ ಗ್ರಾಫೈಟ್ ಇರುತ್ತದೆ. ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶ ಹಿಡಿಯುತ್ತದೆ. ಅಷ್ಟೇ ಸಿಲಿಕಾನ್ ಸುಮಾರು 3,579 ಹಿಡಿಯುತ್ತದೆ. ತೊಂದರೆ ಒಂದೇ: ಲಿಥಿಯಂ ಒಳಹೊಕ್ಕಾಗ ಸಿಲಿಕಾನ್ ಸುಮಾರು ನಾಲ್ಕು ಪಟ್ಟು ಉಬ್ಬುತ್ತದೆ, ಹೊರಬಂದಾಗ ಕುಗ್ಗುತ್ತದೆ, ಕೆಲವೇ ದಿನಗಳಲ್ಲಿ ಒಡೆದು ಪುಡಿಯಾಗುತ್ತದೆ. ಕಣದ ಗಾತ್ರ ಸುಮಾರು 150 ನ್ಯಾನೊಮೀಟರಿಗಿಂತ (ಒಂದು ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಕಡಿಮೆಯಿದ್ದರೆ ಒಡೆಯುವುದಿಲ್ಲ. 2008ರಲ್ಲಿ ಸ್ಟ್ಯಾನ್‌ಫರ್ಡಿನ ಯೀ ಚ್ವೇ ಅವರ ತಂಡ ಸಿಲಿಕಾನ್ ನ್ಯಾನೊತಂತಿಗಳಿಂದ ಈ ದಾರಿ ತೆರೆದು ತೋರಿಸಿತ್ತು. ಆ ಪ್ರಬಂಧದ ನನ್ನ ಪ್ರತಿ ಮಡಿಕೆಗಳಲ್ಲಿ ಹರಿದುಹೋಗುವಷ್ಟು ಸಲ ಓದಿದ್ದೆ.

ಸಿಲಿಕಾನ್ ಪುಡಿ, ಕಾರ್ಬನ್, ಅಂಟು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲೆಸುತ್ತಿದ್ದೆ. ತಾಮ್ರದ ಹಾಳೆಯ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಿಲ್ಲೆ ಕತ್ತರಿಸುತ್ತಿದ್ದೆ. ಆಮೇಲೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ, ಅಂದರೆ ಹೊರಗಿನ ಗಾಳಿ ಸೋಕದ ಪೆಟ್ಟಿಗೆಯೊಳಗೆ, ಕೈತೂರಿಸಿ, 20 ಮಿಲಿಮೀಟರ್ ಅಗಲದ ಕಾಯಿನ್ ಸೆಲ್‌ನಲ್ಲಿ ಒಂದು ಕಡೆ ಆ ಬಿಲ್ಲೆ, ನಡುವೆ ದ್ರಾವಣದಲ್ಲಿ ನೆನೆದ ಪರದೆ, ಇನ್ನೊಂದು ಕಡೆ ಹೊಳೆಯುವ ಲಿಥಿಯಂ ಲೋಹದ ತಗಡು ಇಟ್ಟು ಒತ್ತುತ್ತಿದ್ದೆ. 200 ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೂ ಮೊದಲಿನ ಶೇ 80ರಷ್ಟು ಸಾಮರ್ಥ್ಯ ಉಳಿದಿತ್ತು. ಮನೆಗೆ ಫೋನ್ ಮಾಡಿ ಹೇಳಿದ್ದೆ.

ನನ್ನ ತಪ್ಪು ಇದ್ದದ್ದು ಆ ಹೊಳೆಯುವ ತಗಡಿನಲ್ಲಿ. ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಮೊದಲ ದಿನದಿಂದ ಇಂಥದ್ದೇ ಸೆಲ್ ಕಟ್ಟುತ್ತೀರಿ. ತಗಡಿನಲ್ಲಿ ನನ್ನ ಸಿಲಿಕಾನ್ ಬಳಸಬಹುದಾದ ಲಿಥಿಯಮ್ಮಿಗಿಂತ ಎಷ್ಟೋ ಪಟ್ಟು ಹೆಚ್ಚು ಲಿಥಿಯಂ ಇರುತ್ತದೆ. ಸಿಲಿಕಾನ್ ಮೇಲ್ಮೈಯಲ್ಲಿ ಪ್ರತಿ ಚಾರ್ಜಿಗೂ ಸ್ವಲ್ಪ ಲಿಥಿಯಂ ದ್ರಾವಣದೊಂದಿಗೆ ಸೇರಿ ಕಿಟ್ಟದಂತೆ ಕಟ್ಟಿಕೊಳ್ಳುತ್ತಿತ್ತು. ನಷ್ಟವಾದಷ್ಟನ್ನು ತಗಡು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ತೂತು ಬಿದ್ದ ಕೊಡವನ್ನು ಹರಿಯುವ ನಲ್ಲಿಯ ಕೆಳಗಿಟ್ಟು, ಕೊಡ ಸೋರುವುದಿಲ್ಲ ಎಂದು ನಾನು ಬರೆದುಕೊಳ್ಳುತ್ತಿದ್ದೆ.

ನಿಜವಾದ ಬ್ಯಾಟರಿಯಲ್ಲಿ ನಲ್ಲಿ ಇಲ್ಲ. ಎದುರಿನ ವಿದ್ಯುದ್ವಾರದಲ್ಲಿ ಎಷ್ಟು ಲಿಥಿಯಂ ತುಂಬಿ ಮುಚ್ಚಿದ್ದೀರೋ ಅಷ್ಟೇ. ಹೋದ ಲಿಥಿಯಮ್ಮಿನಲ್ಲಿ ಎಷ್ಟು ಮರಳಿ ಬಂತು ಎಂಬ ಅಂಕಣ ನನ್ನ ಕಂಪ್ಯೂಟರಿನಲ್ಲಿ ದಿನವೂ ಕಾಣುತ್ತಿತ್ತು: ಶೇ 99.3. ಪರೀಕ್ಷೆಯ ಅಂಕದಂತೆ ಅದನ್ನು ನೋಡಿ ಸಂತೋಷಪಟ್ಟೆ. ಸಾವಿರಕ್ಕೆ ಏಳು ನಷ್ಟ ಎಂದು ಓದಿಕೊಳ್ಳಲಿಲ್ಲ. 0.993ನ್ನು ನೂರು ಸಲ ಗುಣಿಸಿ ನೋಡಿ, ಉಳಿಯುವುದು 0.495. ನೂರು ಚಾರ್ಜಿನಲ್ಲಿ ಅರ್ಧ ಬ್ಯಾಟರಿ ಹೋಯಿತು. ಪಿಯುಸಿ ಹುಡುಗ ಮಾಡಬಹುದಾದ ಈ ಲೆಕ್ಕವನ್ನು ನಾನು ಎರಡು ವರ್ಷ ಮಾಡಲಿಲ್ಲ.

ನಷ್ಟಕ್ಕೆ ಕಾರಣವೂ ನ್ಯಾನೊ ಗಾತ್ರವೇ. ಒಂದು ಮೈಕ್ರೊಮೀಟರ್ ಅಂಚಿನ ಘನವನ್ನು 100 ನ್ಯಾನೊಮೀಟರಿನ ತುಂಡುಗಳಾಗಿ ಮಾಡಿದರೆ ಸಾವಿರ ತುಂಡಾಗುತ್ತವೆ, ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ. ಕಿಟ್ಟ ಕಟ್ಟಲು ಅಷ್ಟು ಹೆಚ್ಚು ಜಾಗ. ಉಬ್ಬಿ ಕುಗ್ಗುವಾಗ ಕಿಟ್ಟ ಬಿರಿದು ಮತ್ತೆ ಹೊಸದು ಕಟ್ಟುತ್ತದೆ. ಒಡೆಯುವ ರೋಗಕ್ಕೆ ಕೊಟ್ಟ ಮದ್ದೇ ಸೋರುವ ರೋಗವನ್ನು ಹೆಚ್ಚಿಸಿತ್ತು.

ಗೊತ್ತಾದದ್ದು ನಾಲ್ಕನೇ ವರ್ಷ, ಒಂದು ಬ್ಯಾಟರಿ ಕಂಪನಿಯವರು ನಮ್ಮ ಪುಡಿಯಿಂದ ಪೂರ್ಣ ಸೆಲ್, ಅಂದರೆ ಲಿಥಿಯಂ ತಗಡಿಲ್ಲದ, ನಿಜವಾದ ಬ್ಯಾಟರಿಯಂಥ ಸೆಲ್, ಕಟ್ಟಿ ನೋಡಿದಾಗ. ತೊಂಬತ್ತನೇ ಚಾರ್ಜಿಗೆ ಅರ್ಧವೂ ಉಳಿದಿರಲಿಲ್ಲ. ಪತ್ರಿಕೆಗೆ ಕಳುಹಿಸಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡೆವು. ಫೆಲೋಶಿಪ್ ಮುಗಿದ ಮೇಲೆ ಟ್ಯೂಷನ್ ಹೇಳಿಕೊಂಡು ಕೆಲಸವನ್ನು ಮೊದಲಿನಿಂದ ಮಾಡಿದೆ. ಆ ಒಂದು ವರ್ಷ ಅಪ್ಪನಿಗೆ ಫೋನ್ ಮಾಡುವುದೇ ಕಷ್ಟವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನ್ಯಾನೊವನ್ನು ಕೈಯಲ್ಲಿ ಹಿಡಿದು ಅದಕ್ಕೊಂದು ಸಮಸ್ಯೆ ಹುಡುಕಬೇಡಿ. ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ, ಹೊತ್ತು ಮುಳುಗಿದ ಮೇಲೆ ಅಲ್ಲಿಂದ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಸಮಸ್ಯೆ ಅಲ್ಲಿದೆ. ಅದಕ್ಕೆ ನ್ಯಾನೊ ಬೇಕಾದರೆ ಬರಲಿ, ಬೇಡವಾದರೆ ಬೇಡ.

ಬೇಕಾದ ಕಡೆ ಅದು ಎಷ್ಟು ಚೆನ್ನಾಗಿ ದುಡಿದಿದೆ ಎಂದೂ ನೋಡಿ. ಬ್ಯಾಟರಿಯ ಧನ ವಿದ್ಯುದ್ವಾರಕ್ಕೆ ಬಳಸುವ ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ಪಾಢಿ, ನಂಜುಂಡಸ್ವಾಮಿ ಮತ್ತು ಗುಡೆನಫ್ 1997ರಲ್ಲಿ ಪ್ರಕಟಿಸಿದಾಗ ಅದರೊಳಗೆ ವಿದ್ಯುತ್ ಸರಾಗವಾಗಿ ಹರಿಯುತ್ತಿರಲಿಲ್ಲ. ಕಣಗಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿ, ಮೇಲೆ ಕಾರ್ಬನ್ ಲೇಪಿಸಿದ ಮೇಲೆ ಅದು ಕೆಲಸಕ್ಕೆ ಬಂತು. ಇಂದು ವಿದ್ಯುತ್ ಬಸ್ಸುಗಳಲ್ಲಿ, ಗ್ರಿಡ್ಡಿನ ಸಂಗ್ರಹಾಗಾರಗಳಲ್ಲಿ ಅದೇ ಇದೆ. ಅಲ್ಲಿ ಮೊದಲು ಕಂಡದ್ದು ಕೊರತೆ, ಆಮೇಲೆ ಬಂದದ್ದು ನ್ಯಾನೊ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ಸೌರಕೋಶ, ಹೈಡ್ರೋಜನ್ ಕೆಟ್ಟ ವಿಷಯಗಳಲ್ಲ. ಆದರೆ ನನ್ನ ಮಾತು ಕೇಳುವುದಾದರೆ ಬ್ಯಾಟರಿಗೆ ಬನ್ನಿ. ವಿಷಯಕ್ಕಿಂತ ಮೊದಲು ಪ್ರಯೋಗಾಲಯವನ್ನು ನೋಡಿ. ಸಂದರ್ಶನದ ದಿನ ಅಲ್ಲಿನ ಹಿರಿಯ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಎರಡೇ ಪ್ರಶ್ನೆ ಕೇಳಿ: ನೀವು ಪೂರ್ಣ ಸೆಲ್ ಕಟ್ಟುತ್ತೀರಾ, ಅದರಲ್ಲಿ ಎಷ್ಟು ಲಿಥಿಯಂ ಹೆಚ್ಚುವರಿ ಹಾಕುತ್ತೀರಿ? ಅವರು ಏನು ಹೇಳಿದರು ಎಂದು ನನಗೂ ಬರೆಯಿರಿ. ಕೂತು ಲೆಕ್ಕ ಹಾಕಿ ಉತ್ತರ ಕೊಡುತ್ತೇನೆ.